ತಾಮ್ರದ ಕೊಡಕ್ಕೊಂದು ರುಮಾಲು

ಮುರಿದದ್ದು ನಮ್ಮ ಯಜಮಾನರ ಕೊರಳೆಲುಬು, ಜೈಲಾದದ್ದು ಇಡೀ ಮನೆಗೆ. ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅವರ ಮುಂದೆಯೂ ಹೇಳಿದ್ದೇನೆ.

ಮುರಿದ ಬಗೆಯೂ ಹೇಳಿಕೊಂಡು ತಿರುಗುವಂಥದ್ದಲ್ಲ. ಶಿವರಾತ್ರಿ ಮುಗಿದ ಮೇಲೆ ಒಂದು ದಿನ ಹುಸೇನಪೀರನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಆಳಂದದಿಂದ ನಮ್ಮೂರು ಸರಸಂಬಾಕ್ಕೆ ಬರುತ್ತಿದ್ದರು. ಹುಸೇನಪೀರ ಅವರ ಬಾಲ್ಯದ ಗೆಳೆಯ. ನಮ್ಮ ಹೊಲಕ್ಕೂ ಅವನ ಹೊಲಕ್ಕೂ ನಡುವೆ ಒಂದೇ ಬದು. ಇಬ್ಬರೂ ದಾರಿಯುದ್ದಕ್ಕೂ ತೊಗರಿಯ ಯಾವ ತಳಿ ಒಳ್ಳೆಯದು ಎಂದು ಜಗಳ ಆಡುತ್ತ ಬಂದಿದ್ದಾರೆ. ಆ ಜಗಳದ ಕಾವಿನಲ್ಲಿ ಇವರ ಧೋತರದ ಜೋತುಬಿದ್ದ ಚುಂಗು ಹಿಂದಿನ ಗಾಲಿಗೆ ಸಿಕ್ಕಿದ್ದು ಇಬ್ಬರಿಗೂ ಗೊತ್ತಾಗಿಲ್ಲ. ಗಾಲಿ ಧೋತರ ನುಂಗಿತು, ಧೋತರ ಇವರನ್ನು ಎಳೆಯಿತು, ಇವರು ಬಲಭುಜ ಊರಿ ಡಾಂಬರಿನ ಮೇಲೆ ಬಿದ್ದರು. ತಲೆಗೆ ಮಾತ್ರ ಏನೂ ಆಗಲಿಲ್ಲ. "ಪುಣ್ಯಾ, ರುಮಾಲಿತ್ತು" ಎಂದು ನಾನೇ ಅಂದೆ. ಆ ಮಾತು ಆಡಬಾರದಿತ್ತು. ಮೊದಲೇ ರುಮಾಲಿನ ಮೇಲೆ ಅವರಿಗೆ ಭಕ್ತಿ, ಅಂದಿನಿಂದ ಅದು ಇನ್ನೂ ಒಂದು ಹಿಡಿ ಹೆಚ್ಚಾಯಿತು.

ಕಲಬುರಗಿಯ ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಕೊರಳಿನ ಬುಡದಿಂದ ಭುಜಕ್ಕೆ ಹೋಗುವ ಎಲುಬು ನಡುವೆ ತುಂಡಾಗಿ, ಒಂದು ತುದಿ ಇನ್ನೊಂದರ ಮೇಲೆ ಏರಿ ಕೂತಿತ್ತು. ಆಪರೇಷನ್ ಬೇಡ, ತಾನೇ ಕೂಡುತ್ತದೆ, ತಿಂಗಳೊಪ್ಪತ್ತು ಕೈ ಅಲುಗಾಡಿಸಬೇಡಿ ಎಂದು ಹೇಳಿ ನೀಲಿ ಬಟ್ಟೆಯ ಒಂದು ಜೋಳಿಗೆಯಲ್ಲಿ ಬಲಗೈ ಇಟ್ಟು ಕೊರಳಿಗೆ ತೂಗುಹಾಕಿದರು. ಅದನ್ನು ಹಾಕಿಕೊಂಡು ಮನೆಗೆ ಬಂದ ನಮ್ಮ ಯಜಮಾನ ದೌಲತರಾಯರು ಪಡಸಾಲೆಯ ಹೊರಸಿನ ಮೇಲೆ ಕೂತರು. ಕೂತವರು ಏಳಲಿಲ್ಲ.

ಮೊದಲ ದಿನಗಳ ನೋವು ನೋವೇ, ಅದಕ್ಕೆ ನಾನೇನೂ ಅನ್ನುವುದಿಲ್ಲ. ಮಲಗಿದರೆ ಎಲುಬಿನ ತುದಿಗಳು ಒಂದಕ್ಕೊಂದು ತಾಗಿ ಕಟಕ್ ಅನ್ನುತ್ತಿದ್ದವು, ಅದಕ್ಕೇ ಗೋಡೆಗೆ ದಿಂಬು ಪೇರಿಸಿ ಕೂತೇ ನಿದ್ದೆ. ಕೆಮ್ಮು ಬಂದರೆ ಕಣ್ಣಲ್ಲಿ ನೀರು. ಅಂಗಿ ತೊಡಿಸುವಾಗ ಮೊದಲು ಬಲತೋಳು, ತೆಗೆಯುವಾಗ ಕೊನೆಗೆ ಬಲತೋಳು, ಇಷ್ಟು ಕಲಿಯುವುದರಲ್ಲಿ ನನಗೂ ಅವರಿಗೂ ಬೈಗುಳ ಸಾಕಷ್ಟು ಖರ್ಚಾಯಿತು. ಸ್ನಾನ ಮಾಡಿಸಿದೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತರೆ ಹಣೆಗೆ ವಿಭೂತಿ ನಾನೇ ಹಚ್ಚಿದೆ. ಧೋತರ ಬಿಡಿಸಿ ಮಗ ಸಂಜುಕುಮಾರನ ಲುಂಗಿ ಉಡಿಸಿದೆ. ಇದೆಲ್ಲಕ್ಕೂ ಒಪ್ಪಿದರು. ರುಮಾಲಿಗೆ ಮಾತ್ರ ಒಪ್ಪಲಿಲ್ಲ.

ರುಮಾಲು ಸುತ್ತಬೇಕಾದರೆ ಎರಡೂ ಮೊಳಕೈ ಕಿವಿಗಿಂತ ಮೇಲೆ ಏಳಬೇಕು. ಎಡಗೈ ಒಂದು ತುದಿ ಹಿಡಿದರೆ ಬಲಗೈ ತಲೆಯ ಹಿಂದಿನಿಂದ ಸುತ್ತಿ ತರಬೇಕು, ಪ್ರತಿ ಸುತ್ತಿಗೂ ಬಿಗಿಯಬೇಕು. ನಮ್ಮವರದು ಊರಿಗೇ ಹೆಸರಾದ ಸುತ್ತು. ಬಲಗಿವಿಯ ಮೇಲೆ ಒಂದರ ಮೇಲೊಂದು ಮಡಿಕೆ ಜೋಡಿಸಿ, ಚುಂಗನ್ನು ಹಿಂದೆ ಗೇಣುದ್ದ ಬಿಟ್ಟರೆ, ಮದುವೆಯ ಮನೆಯಲ್ಲಿ ಗಂಡಿನ ಅಪ್ಪನೂ ಒಮ್ಮೆ ತಿರುಗಿ ನೋಡಬೇಕು. ಬರಿದಲೆಯಲ್ಲಿ ಅವರು ಹೊಸ್ತಿಲು ದಾಟಿದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ನೋಡಿಲ್ಲ.

"ನಾ ಕಟ್ತೇನಿ ಕೂಡ್ರಲೇ ದೋಸ್ತ" ಎಂದು ಹುಸೇನಪೀರ ಬಂದ. ಬಿದ್ದ ದಿನದಿಂದ ಅವನ ಮುಖ ಬಾಡಿ ಹೋಗಿತ್ತು.

"ನೀ ಗಾಡಿ ಹೊಡದದ್ದೇ ಸಾಕು" ಎಂದು ಇವರು ಅವನ ಬಾಯಿ ಮುಚ್ಚಿಸಿದರು.

ಟೊಪ್ಪಿಗೆ ಹಾಕಿಕೊಳ್ಳಿ ಎಂದು ಮಗ ಹೇಳಿದ. ಮಣ್ಣೂರಿನಲ್ಲಿ ಇವರ ತಂಗಿಯ ಗಂಡ ಬಿಳಿ ಟೊಪ್ಪಿಗೆ ಹಾಕುತ್ತಾರೆ. ಆ ಟೊಪ್ಪಿಗೆಗೆ 'ತಲಿ ಮ್ಯಾಲಿನ ಪಾಕೀಟು' ಎಂದು ಹೆಸರಿಟ್ಟು ಆಡಿಕೊಂಡವರು ಇವರೇ. ಈಗ ಯಾವ ಬಾಯಿಯಿಂದ ಹಾಕಿಕೊಂಡಾರು?

ಹಾಗಾಗಿ ಬರಿದಲೆ, ಬರಿದಲೆಯಾದ್ದರಿಂದ ಮುಚ್ಚಿದ ಬಾಗಿಲು. ಬೀದಿಯಲ್ಲಿ ಹೋಗುವವರು ಕಾಣಬಾರದೆಂದು ತಲೆಬಾಗಿಲನ್ನು ಹಗಲೆಲ್ಲ ಮುಚ್ಚಿಸಿದರು. ನಮ್ಮ ಪಡಸಾಲೆಗೆ ಇರುವುದು ಆ ಒಂದೇ ಬೆಳಕು, ಆ ಒಂದೇ ಗಾಳಿ. ಹೊರಗೆ ಬಿಸಿಲು ಏರುತ್ತಿತ್ತು, ಒಳಗೆ ನಾವು ಬೇಯುತ್ತಿದ್ದೆವು. ಕರೆಂಟು ಹೋದರೆ ಕೈಯಲ್ಲಿ ಬೀಸಣಿಗೆ. ಜೋಳಿಗೆಯ ಬಟ್ಟೆ ಬೆವರಿಗೆ ನೆನೆದು ವಾಸನೆ ಹೊಡೆಯುತ್ತಿತ್ತು, ಒಗೆಯಲು ಬಿಚ್ಚಿದರೆ ಅದು ಒಣಗುವವರೆಗೆ ಅವರ ಕೈ ಹಿಡಿದುಕೊಂಡು ಕೂರುವುದೂ ನಾನೇ. ಅದು ನಮ್ಮ ಕಡೆ ಹೆಂಗಸರು ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಕೂಡಿ ಹಪ್ಪಳ, ಶಾವಿಗೆ ಮಾಡುವ ಕಾಲ. ನನಗೆ ವರ್ಷದಲ್ಲಿ ಹೊಟ್ಟೆ ತುಂಬ ನಗಲು ಸಿಗುವ ಕಾಲ ಅದೊಂದೇ. ನಾನು ಅವರ ಮನೆಗೆ ಹೋಗುವ ಹಾಗಿರಲಿಲ್ಲ, ಅವರು ನಮ್ಮ ಮನೆಗೆ ಬರುವ ಹಾಗಿರಲಿಲ್ಲ. ಪಕ್ಕದ ಮನೆಯ ಮಾಳಿಗೆಯ ಮೇಲೆ ಅವರು ನಗುವುದು ಕೇಳಿಸುತ್ತಿತ್ತು. ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ಅಷ್ಟರಲ್ಲಿ ಪಡಸಾಲೆಯಿಂದ "ಜಯಮಾಲಾ" ಎಂಬ ಕೂಗು. ನೀರು. "ಜಯಮಾಲಾ". ಬೆನ್ನು ತುರಿಸು. "ಜಯಮಾಲಾ". ಏನೂ ಇಲ್ಲ, ಎಲ್ಲಿದ್ದೀ ಅಂತ ನೋಡಿದೆ.

ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬರುತ್ತಿತ್ತು, ಕನಿಕರವೂ ಬರುತ್ತಿತ್ತು, ಎರಡೂ ಒಟ್ಟಿಗೇ ಬಂದು ಯಾವುದಕ್ಕೂ ಜಾಗ ಇರುತ್ತಿರಲಿಲ್ಲ.

ಎರಡನೇ ಸಲ ಡಾಕ್ಟರ ಹತ್ತಿರ ಹೋದಾಗ ಕಾರಿನ ಗಾಜು ಏರಿಸಿ, ತಲೆಗೆ ಟವೆಲ್ಲು ಹೊದಿಸಿ ಕರೆದೊಯ್ದೆವು. ಪೊಲೀಸರು ಕಳ್ಳನನ್ನು ಹಾಗೆ ಕರೆದೊಯ್ಯುವುದನ್ನು ಟೀವಿಯಲ್ಲಿ ನೋಡಿದ್ದೇನೆ. ಹೊಸ ಎಕ್ಸ್-ರೇಯಲ್ಲಿ ಮುರಿದ ಜಾಗದ ಸುತ್ತ ಬಿಳಿ ಮೋಡದಂಥದ್ದು ಕಟ್ಟಿತ್ತು.

"ಎಲುಬು ಚಂದಾಗಿ ಕೂಡ್ಯಾದ್ರಿ ಯಜಮಾನ್ರ" ಎಂದರು ಡಾಕ್ಟರು. "ಮ್ಯಾಲ ಗಂಟು ಉಳೀತದ, ಅದಕ್ಕ ಅಂಜಬ್ಯಾಡ್ರಿ. ಇವತ್ತಿನಿಂದ ಜೋಳಿಗಿ ಬ್ಯಾಡ. ಗ್ವಾಡಿ ಮ್ಯಾಲ ಬೆರಳು ನಡಸ್ರಿ, ದಿನಾ ಜರಾ ಜರಾ ಮ್ಯಾಲ ಏರಸ್ರಿ. ಭಾರ ಈಗೇ ಎತ್ತಬ್ಯಾಡ್ರಿ, ಆದ್ರ ಕೈ ಎತ್ತಲೇಬೇಕು. ಹಿಂಗೇ ಕಟ್ಕೊಂಡು ಕುಂತ್ರ ಭುಜ ಜಾಮ್ ಆಗ್ತದ. ಆಮ್ಯಾಲ ನೀವು ಎತ್ತತೇನಿ ಅಂದ್ರೂ ಏಳಂಗಿಲ್ಲ."

ಇವರು ಹ್ಞೂಂ ಎಂದು ತಲೆ ಆಡಿಸಿದರು. ಕಾರಿನಲ್ಲಿ ಕೂತ ಕೂಡಲೇ ಜೋಳಿಗೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡರು.

"ಡಾಕ್ಟರು ಏನಂದ್ರು, ನೀವು ಏನ್ ಮಾಡಾಕತ್ತೀರಿ?" ಎಂದೆ.

"ಆ ಹುಡುಗಗ ಏನ್ ಗೊತ್ತು? ನಮ್ಮ ಕೆಂದ ಎತ್ತಿನ ಕಾಲು ಮುರದಿತ್ತು ನೆನಪದ ಏನು? ಬಿದಿರಿನ ದಬ್ಬಿ ಕಟ್ಟಿದ್ದೆ. ಬೇಶ್ ಆಗ್ಯಾದ ಅಂತ ಜಲ್ದಿ ಬಿಚ್ಚಿದೆ. ಮತ್ತ ಮುರೀತು. ಸಾಯೋತನಕ ಕುಂಟಿತು."

"ನೀವು ಎತ್ತೇನ್ರಿ?"

"ಎಲುಬು ಎಲ್ಲಾರಿಗೂ ಎಲುಬೇ."

ಎತ್ತಿನ ಕಾಲು ನೆನೆದು ತನ್ನ ಕೈಯನ್ನು ಕಟ್ಟಿಹಾಕಿಕೊಂಡ ಮನುಷ್ಯ ಅವರು. ಗೋಡೆಯ ಹತ್ತಿರ ಕರೆದೊಯ್ದರೆ ಬೆರಳನ್ನು ಎದೆಯ ಮಟ್ಟಕ್ಕೆ ಏರಿಸಿ, ಮುಖ ಹಿಂಡಿ, ಹೊರಸಿಗೆ ಹಿಂದಿರುಗುತ್ತಿದ್ದರು. ಕೊರಳ ಬುಡದ ಗಂಟನ್ನು ಎಡಗೈಯಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅವರಿಗೆ ನಿಜವಾಗಿ ಹೆದರಿಕೆ ಇತ್ತು. ಇನ್ನೊಮ್ಮೆ ಮುರಿದರೆ ನನ್ನ ಕತೆ ಮುಗಿಯಿತು ಎಂಬ ಹೆದರಿಕೆ. ಆದರೆ ಅಂಜುತ್ತೇನೆ ಎಂದು ಹೇಳುವ ಮನುಷ್ಯನಲ್ಲ, ಅದಕ್ಕೆ ಎತ್ತಿನ ಕತೆ.

ಹೀಗಿರುವಾಗ ನಾದಿನಿ ಶಿವಕಾಂತಾ ಮಣ್ಣೂರಿನಿಂದ ಬಂದಳು. ಒಬ್ಬಳೇ ಮಗಳ ಮದುವೆ ಗೊತ್ತಾಗಿತ್ತು, ಬಸವಜಯಂತಿ ಆದ ಮೇಲಿನ ವಾರ. ಅಣ್ಣನಿಗೆ ಕುಂಕುಮವಿಟ್ಟು ಕರೆಯಲು ಆ ಬಿಸಿಲಲ್ಲಿ ಅಫಜಲಪುರಕ್ಕೆ ಬಂದು, ಅಲ್ಲಿಂದ ಬಸ್ಸು ಬದಲಿಸಿ ಬಂದಿದ್ದಳು. ಚೀಲದಿಂದ ಗುಲಾಬಿ ಬಣ್ಣದ ಹೊಸ ರುಮಾಲು ತೆಗೆದು ಅಣ್ಣನ ತೊಡೆಯ ಮೇಲೆ ಇಟ್ಟಳು. ನಮ್ಮಲ್ಲಿ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ.

ನಮ್ಮವರು ರುಮಾಲನ್ನು ಎಡಗೈಯಿಂದ ಸವರಿದರು. "ಛಲೋ ಅದ" ಎಂದರು. ಅದನ್ನು ಪಕ್ಕಕ್ಕೆ ಸರಿಸಿ, "ನಾ ಈಗ ಬರಾಕ ಆಗಂಗಿಲ್ಲವ್ವಾ. ಕೈ ಮ್ಯಾಲ ಏರಿದ ದಿನ ಬಂದು ಇಬ್ಬರಿಗೂ ಆಶೀರ್ವಾದ ಮಾಡ್ತೇನಿ" ಎಂದರು.

ಶಿವಕಾಂತಾ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಅವಳೂ ಅದೇ ಮನೆಯ ಮಗಳಲ್ಲವೇ.

"ನೋಡಣ್ಣಾ, ನಾ ಇನ್ನೊಬ್ಬರನ್ನ ನಿನ್ನ ಜಾಗದಾಗ ನಿಂದರಸಂಗಿಲ್ಲ. ನೀ ಬಂದ್ರ ಆಕಿ ಕೈ ಹಿಡಕೊಂಡು ಬರ್ತಿ. ಇಲ್ಲಂದ್ರ ಆಕಿ ಒಬ್ಬಾಕೇ ನಡಕೋತ ಬರ್ತಾಳ. ಮಂದಿ ಏನರ ಅನ್ಲಿ."

ಕಾಲು ಮುಟ್ಟಿ ಹೋದಳು. ಬಾಗಿಲು ತೆರೆದಾಗ ಒಳಗೆ ಬಂದ ಬೆಳಕಿಗೆ ಇವರು ಮುಖ ಆಚೆ ತಿರುಗಿಸಿದರು.

ಅಂದು ನಾನು ಸುಮ್ಮನಿರಲಿಲ್ಲ. "ತಂಗಿ ಮಗಳಿಗಿಂತ ಒಂದು ಅರಿವಿ ತುಂಡು ದೊಡ್ಡದಾತೇನ್ರಿ? ಹಣಿಗಿ ವಿಭೂತಿ ನಾ ಹಚ್ಚತೇನಿ. ರುಮಾಲು ಯಾಕ ಬ್ಯಾಡ?" ಎಂದು ಎದುರಿಗೇ ಕೂತು ಕೇಳಿದೆ.

ಅವರು ಎಡಗೈಯನ್ನು ಬರಿದಲೆಯ ಮೇಲೆ ಆಡಿಸಿ ಹೇಳಿದರು: "ಇನ್ನೊಬ್ಬರ ಕೈಲೆ ಒಂದೇ ಸಲ ಸುತ್ತಿಸ್ಕೊಂಡೇನಿ. ಅಪ್ಪ ಹೋದ ಮ್ಯಾಲ ಮಂದಿ ಎಲ್ಲಾ ಕೂಡಿ, ನನ್ನ ಕೂಡ್ರಿಸಿ, ತಲಿಗಿ ಅಪ್ಪನ ರುಮಾಲು ಸುತ್ತಿದ್ರು. ಆಗಿನ್ನೂ ಮೀಸಿ ಬಂದಿದ್ದಿಲ್ಲ. ಎಷ್ಟು ಬಿಗಿ ಸುತ್ತಿದ್ರಂದ್ರ ಅಳಾಕೂ ಆಗಲಿಲ್ಲ. ಮರುದಿನದಿಂದ ನಾನೇ ಸುತ್ಕೊಂಡೆ. ಇನ್ನೊಬ್ಬರು ನನ್ನ ತಲಿ ಹಿಡದ್ರ ನನಗ ಅದೇ ದಿನ ಆಗ್ತದ ಜಯಮಾಲಾ."

ಇಷ್ಟು ವರ್ಷದಲ್ಲಿ ಈ ಮಾತನ್ನು ನನಗೆ ಹೇಳಿರಲಿಲ್ಲ. ಎದ್ದು ಒಳಗೆ ಹೋದೆ.

ಆದರೂ ಮದುವೆ ನಿಲ್ಲುವುದಿಲ್ಲವಲ್ಲ. ಮಧ್ಯಾಹ್ನ ಅವರು ದಿಂಬಿಗೆ ಒರಗಿ ಗೊರಕೆ ಹೊಡೆಯುವಾಗ ನಾನು ದೇವರ ಕೋಣೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ತಾಮ್ರದ ಕೊಡ ಬೋರಲು ಹಾಕಿ ಹಳೆಯ ಬಿಳಿ ರುಮಾಲು ಸುತ್ತಲು ಕಲಿತೆ. ದಿನಾ ಬೆಳಿಗ್ಗೆ ಚಹಾ ಹಿಡಿದು ನಿಂತು ನೋಡಿದವಳು ನಾನು, ಕಣ್ಣಿಗೆ ಎಲ್ಲ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಮೊದಲು ಸಡಿಲಾಯಿತು. ಆಮೇಲೆ ಗುಂಡಗಾಯಿತು. ಬಿಚ್ಚಿದೆ, ಸುತ್ತಿದೆ, ಬಿಚ್ಚಿದೆ. ಒಂದು ದಿನ ಮಡಿಕೆಗಳು ತಾವಾಗಿಯೇ ಒಂದರ ಮೇಲೊಂದು ಕೂತವು. ಆ ಧೈರ್ಯದಲ್ಲಿ ನಾದಿನಿಯ ಗುಲಾಬಿ ರುಮಾಲು ತೆಗೆದು ಸುತ್ತಿದೆ. ಚುಂಗು ಬರಾಬರಿ ಗೇಣುದ್ದ ಬಿತ್ತು. ಹಿಂದೆ ಸರಿದು ನೋಡಿದರೆ ಕೊಡವೇ ನಮ್ಮವರ ಹಾಗೆ ಗತ್ತಿನಿಂದ ಕೂತಿತ್ತು.

ಸೊಸೆ ಸಪ್ನಾ ಅದನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. "ಅತ್ತಿ, ಮಾವಾರಿಗಿ ತೋರಸ್ರಿ. ಇಷ್ಟು ಚಂದ ನೋಡಿದ್ರ ಒಪ್ಪತಾರ."

ನನಗೂ ತೋರಿಸುವ ಆಸೆ ಇತ್ತು. ಕೊಡ ಎತ್ತಿಕೊಂಡು ಬಾಗಿಲವರೆಗೂ ಬಂದೆ. ಅಲ್ಲಿಂದ ಪಡಸಾಲೆ ಕಾಣುತ್ತಿತ್ತು. ಆಗಲೇ ಎಚ್ಚರಾಗಿ, ಜೋಳಿಗೆಯಲ್ಲಿ ಕೈ ಇಟ್ಟುಕೊಂಡು, ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಿದ್ದರು. ತೋಳು ಕಡ್ಡಿಯಾಗಿತ್ತು. ಆಗ ನನಗೆ ಹೊಳೆಯಿತು. ಒಪ್ಪಲಿಲ್ಲ ಎಂದರೆ ಆ ಮಾತು ಬೇರೆ. ಒಪ್ಪಿದರೆ? ಮದುವೆಯೇನೋ ದಾಟುತ್ತದೆ, ಆದರೆ ನಾನು ಎಷ್ಟು ಚಂದ ಕಟ್ಟುತ್ತೇನೋ ಅವರ ಕೈ ಅಷ್ಟು ಗಟ್ಟಿಯಾಗಿ ಜೋಳಿಗೆಯಲ್ಲಿ ಉಳಿಯುತ್ತದೆ. ಇನ್ನು ಬದುಕಿರುವವರೆಗೆ ದಿನಾ ಬೆಳಿಗ್ಗೆ ಅವರು ಮಗುವಿನ ಹಾಗೆ ತಲೆ ಬಗ್ಗಿಸಬೇಕು, ನಾನು ಸುತ್ತಬೇಕು. ಕೊಡವನ್ನು ಹಿಂದಕ್ಕೆ ಒಯ್ದು ಮೂಲೆಯಲ್ಲಿಟ್ಟೆ.

ಮದುವೆಯ ಹಿಂದಿನ ದಿನ ಸಂಜೆ ಅವರ ಎಡಗೈಗೆ ಬಿಸಿ ಚಹಾದ ಬಟ್ಟಲು ಕೊಟ್ಟೆ, ತುಂಬ. ಬಲಗೈ ಜೋಳಿಗೆಯಲ್ಲಿ. ಹಿಂದೆ ಬಂದು ಬಿಳಿ ರುಮಾಲಿನ ಒಂದು ತುದಿ ಅವರ ತಲೆಯ ಮೇಲೆ ಹಾಕಿದೆ.

"ಏನದು? ಏನ್ ಮಾಡಾಕತ್ತೀ ಬೇ?"

"ಅಲುಗಾಡಬ್ಯಾಡ್ರಿ, ಚಹಾ ಚೆಲ್ತದ."

"ಜಯಮಾಲಾ!"

ಸುತ್ತಿದೆ. ನನ್ನ ಕೈ ಸರಿಯಾದ ಕಡೆಗೇ ಹೋಗುತ್ತಿತ್ತು, ನಾನು ಎಳೆದು ತಪ್ಪು ಕಡೆಗೆ ಒಯ್ದೆ. ಒಂದು ಕಿವಿ ಪೂರ್ತಿ ಮುಚ್ಚಿದೆ, ಇನ್ನೊಂದನ್ನು ಬಯಲಿಗೆ ಬಿಟ್ಟೆ. ನೆತ್ತಿಯ ಮೇಲೆ ಬುತ್ತಿ ಗಂಟಿನಂತೆ ಒಂದು ಗುಪ್ಪೆ ಕಟ್ಟಿದೆ. ಚುಂಗನ್ನು ಹಿಂದೆ ಬಿಡುವ ಬದಲು ಮೂಗಿನ ಮೇಲೆ ಇಳಿಬಿಟ್ಟೆ. ಆಮೇಲೆ ಹೋಗಿ, ಆ ಮನುಷ್ಯ ಬೇಸಿಗೆಯೆಲ್ಲ ಮುಚ್ಚಿಸಿದ್ದ ತಲೆಬಾಗಿಲನ್ನು ಪೂರ್ತಿ ತೆರೆದೆ.

ಹುಸೇನಪೀರ ಆ ಹೊತ್ತಿಗೆ ದಿನಾ ಬರುವವನೇ. ಕಟ್ಟೆ ಏರಿದವನು ನಿಂತುಬಿಟ್ಟ. ತಡೆಯಲು ನೋಡಿದ, ಆಗಲಿಲ್ಲ. "ಯಾ ಅಲ್ಲಾ, ದೌಲತಾ! ಬ್ಯಾಂಡಿನವರ ಕೂಡ ಹೊಂಟೀ ಏನಲೇ?" ಎಂದು ಹೊಟ್ಟೆ ಹಿಡಿದು ನಕ್ಕ. ಸಪ್ನಾ ಒಳಗಿನಿಂದ ಕನ್ನಡಿ ತಂದು ಮಾವನ ಎದುರು ಹಿಡಿದಳು.

ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡ ನಮ್ಮವರ ಮುಖ ಕೆಂಪಾಯಿತು. "ಇಷ್ಟು ವರ್ಷ ಎದುರಿಗಿ ನಿಂತು ನೋಡೀದಿ, ಒಂದು ಸುತ್ತು ಬರಂಗಿಲ್ಲ ನಿನಗ? ಹಿಂಗ ಕಟ್ತಾರೇನು? ಚುಂಗು ಇಲ್ಲಿ ಬರ್ತದ, ಇಲ್ಲಿ!" ಎಂದು ಕೂಗುತ್ತ ಬಲಗೈಯನ್ನು ಜೋಳಿಗೆಯಿಂದ ಕಿತ್ತು ತೆಗೆದು, ಎತ್ತಿ, ತಲೆಯ ಹಿಂದೆ ಹಿಡಿದರು.

ಹುಸೇನಪೀರನ ನಗು ನಿಂತಿತು.

"ಕೈ ನೋಡ್ಲೇ" ಎಂದ ಮೆಲ್ಲಗೆ. "ದೋಸ್ತ, ಕೈ."

ಆಗ ಅವರಿಗೆ ಗೊತ್ತಾಯಿತು. ಗೊತ್ತಾದ ಮೇಲೆ ನೋವೂ ಗೊತ್ತಾಯಿತು. "ಅಯ್ಯಯ್ಯೋ" ಎಂದು ಒದರಿದರು, ಎಡಗೈಯ ಬಟ್ಟಲು ಜಾರಿ ಚಹಾ ಲುಂಗಿಯ ಮೇಲೆ ಚೆಲ್ಲಿತು. ಆದರೆ ಕೈ ಇಳಿಸಲಿಲ್ಲ. ಹಾಗೇ ಹಿಡಿದುಕೊಂಡು, ಎಡಗೈಯಿಂದ ಕೊರಳ ಬುಡದ ಗಂಟನ್ನು ಮುಟ್ಟಿದರು. ಗಂಟು ಅಲ್ಲೇ ಇತ್ತು. ಏನೂ ಮುರಿದಿರಲಿಲ್ಲ.

ಕತ್ತಲಾಗುವವರೆಗೆ ಕೂತು, ನಡುನಡುವೆ ತೋಳು ಇಳಿಸಿ ಸುಧಾರಿಸಿಕೊಳ್ಳುತ್ತ, ಬೆವರು ಸುರಿಸುತ್ತ ಬಿಳಿ ರುಮಾಲನ್ನು ತಾವೇ ಸುತ್ತಿಕೊಂಡರು. ಮೊಳಕೈ ಪೂರ್ತಿ ಏಳದೆ ಒಂದು ಕಡೆ ವಾಲಿತ್ತು. ನಾನು "ಬೇಶ್ ಆಗ್ಯಾದ" ಎಂದೆ. "ನಿನಗೇನ್ ತಿಳೀತದ, ನಿನ್ನ ಕೈ ನೋಡೇನಲ್ಲ" ಎಂದರು. ನುಂಗಿಕೊಂಡೆ. ಅದು ನುಂಗಲು ಸುಲಭವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮಗ ಕಾರು ತಂದು ನಿಲ್ಲಿಸಿದ. ನಾನು ಸೀರೆಯ ನಿರಿಗೆ ಹಿಡಿಯುತ್ತಿದ್ದೆ. "ತಂಗಿ ಕೊಟ್ಟ ರುಮಾಲು ಎಲ್ಲದ? ಅದನ್ನೇ ಸುತ್ಕೋತೇನಿ" ಎನ್ನುತ್ತ ಅವರೇ ಕತ್ತಲೆ ಕೋಣೆಗೆ ಹೋದರು. ಆಗ ನನಗೆ ನೆನಪಾಯಿತು. ಕೊಡದಿಂದ ಅದನ್ನು ಬಿಚ್ಚಿರಲಿಲ್ಲ. ಬಿಚ್ಚಲು ಮನಸ್ಸೇ ಬಂದಿರಲಿಲ್ಲ.

ನಿರಿಗೆ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದೆ. ಕೊಡದ ಮುಂದೆ ನಿಂತಿದ್ದರು. ಮಡಿಕೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ, ಚುಂಗನ್ನು ಗೇಣು ಹಾಕಿ ನೋಡಿದರು.

"ಇದನ್ನ ಯಾರು ಕಟ್ಟ್ಯಾರ?"

"ಕೊಡಾನೇ ಕಟ್ಕೊಂಡಿರಬೇಕ್ರಿ."

ನಗಲಿಲ್ಲ. "ನಿನ್ನಿ ನನಗ ಕಟ್ಟಿದ್ದು ಯಾವ ಕೈ?"

"ಅದೂ ಇದೇ ಕೈರಿ" ಎಂದೆ.

ಅವರು ಅಲ್ಲೇ ನಿಂತರು. ಬಿಚ್ಚುತ್ತಾರೆ, ಬಿಚ್ಚಿ ತಾವೇ ಸುತ್ತಿಕೊಳ್ಳುತ್ತಾರೆ, ಅದಕ್ಕೇ ಅಲ್ಲವೇ ನಾನು ಇಷ್ಟೆಲ್ಲ ಮಾಡಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಎರಡೂ ಕೈ ಚಾಚಿ, ಒಂದು ಮಡಿಕೆಯೂ ಅಲುಗದ ಹಾಗೆ ಅದನ್ನು ಕೊಡದಿಂದ ಎತ್ತಿದರು. ಮುಖ ಹಿಂಡುತ್ತ, ಮೆಲ್ಲಗೆ ಏರಿಸಿ, ತಮ್ಮ ತಲೆಯ ಮೇಲೆ ಇಟ್ಟುಕೊಂಡರು. "ಜರಾ ಬಿಗಿ ಆಗ್ಯಾದ" ಎಂದರು. ಕಾರಿನ ಗಾಜು ಇಳಿಸಿ ಕೂತರು.

ಮಣ್ಣೂರಿನಲ್ಲಿ ಚಪ್ಪರದ ಬಾಗಿಲಿಗೆ ಶಿವಕಾಂತಾ ಓಡಿ ಬಂದಳು. ಅಣ್ಣನ ಕಾಲಿಗೆ ನೀರು ಹಾಕಿ, ತಲೆ ಎತ್ತಿ ನೋಡಿ, "ಅಣ್ಣಾ! ಕೈ ಪೂರಾ ಆರಾಮಾತು? ರುಮಾಲು ಹಳೇ ಗತ್ತಿಲೇ ಕಟ್ಕೊಂಡೀದಿ" ಎಂದಳು. ಸುತ್ತ ಬೀಗರಿದ್ದರು, ಬಿಳಿ ಟೊಪ್ಪಿಗೆಯ ಅವಳ ಗಂಡನೂ ಇದ್ದರು. ನಾನು ತಲೆ ತಗ್ಗಿಸಿದೆ. ಹೌದು ಎಂದು ಅನ್ನಲಿ, ಅವರ ಮಾನ ಉಳಿಯಲಿ ಎಂದೇ ಬೇಡಿಕೊಂಡೆ.

"ಕೈ ಆರಾಮ ಆಗಾಕತ್ತದ" ಎಂದರು ನಮ್ಮವರು, ಎಲ್ಲರಿಗೂ ಕೇಳುವ ಹಾಗೆ. "ರುಮಾಲು ನಿಮ್ಮ ವೈನಿ ಕಟ್ಟ್ಯಾಳ" ಎಂದು ನನ್ನ ಕಡೆ ಕೈ ತೋರಿಸಿದರು.

ಆಮೇಲೆ ಬಲಗೈ ಚಾಚಿ ಮದುಮಗಳ ಕೈ ಹಿಡಿದು ಮಂಟಪದ ಕಡೆಗೆ ನಡೆದರು. ಗುಲಾಬಿ ಚುಂಗು ಬೆನ್ನಿನ ಮೇಲೆ ಅಲುಗಾಡುತ್ತ ಹೋಯಿತು. ಬೇಸಿಗೆಯೆಲ್ಲ ಒಂದು ಹನಿ ಅಳದ ನಾನು ಆ ಮಂದಿಯ ನಡುವೆ ನಿಂತು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅಕ್ಷತೆ ಹಿಡಿದ ಕೈ ತೆರೆಯಲು ಸಪ್ನಾ ಎರಡು ಸಲ ಹೇಳಬೇಕಾಯಿತು.